ಕಿಟ್ಟಣ್ಣನ ಹಿಟ್ಟು, ಪ್ರಿಯಂವದಾ ಮೇಡಂ ಅವರ ಹಟ

ಯಾವ ಔಷಧಕ್ಕೂ ಬಗ್ಗದ ರೋಗಾಣುಗಳನ್ನು ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳಿಂದ ಬಗ್ಗಿಸಲು ಹೊರಟ ವಿಜ್ಞಾನಿಗಳು ಲೋಕದ ತುಂಬ ಇದ್ದಾರೆ. ಆದರೆ ಆ ತುಣುಕನ್ನು ಉಡುಪಿ ಹೋಟೆಲಿನ ಇಡ್ಲಿ ಹಿಟ್ಟಿನಲ್ಲಿ ಹುಡುಕಿ, ಡೊಂಬಿವಲಿಯ ಕಾಲೇಜೊಂದರ ಇಕ್ಕಟ್ಟಾದ ಪ್ರಯೋಗಾಲಯದಲ್ಲಿ ಕಂಡುಕೊಂಡವರು ಡಾ. ಪ್ರಿಯಂವದಾ ಹೆಬ್ಬಾರರು. ಮೂವತ್ತನಾಲ್ಕು ವರ್ಷಗಳ ಅಧ್ಯಾಪನದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರ ಶಿಷ್ಯೆ ತೃಪ್ತಿಗೆ ಎಲ್ಲಕ್ಕಿಂತ ಮೊದಲು ನೆನಪಾಗುವುದು ಮೇಡಂ ಅವರ ಹಟ.

ಕಲ್ಯಾಣದ ತೃಪ್ತಿ ವಾರವಿಡೀ ಟ್ಯೂಷನ್ ಹೇಳಿ ಮನೆ ನಡೆಸುತ್ತಿದ್ದವಳು. ಅವಳೊಬ್ಬಳಿಗಾಗಿ ಮೇಡಂ ಐದು ವರ್ಷ ಭಾನುವಾರವೂ ಪ್ರಯೋಗಾಲಯದ ಬಾಗಿಲು ತೆರೆದರು, ಎರಡು ಡಬ್ಬಿ ಊಟ ತಂದರು. ಕೇಳಿದರೆ, ಒಂದೇ ಡಬ್ಬಿ ತರಲು ತಮಗೆ ಬರುವುದಿಲ್ಲವೆಂದು ಗದರುತ್ತಿದ್ದರು.

ಒಮ್ಮೆ ಮೇಡಂ ಕಾಲೇಜಿನ ಹತ್ತಿರದ ಕಿಟ್ಟಣ್ಣನ ಉಡುಪಿ ಹೋಟೆಲಿನ ಅಡುಗೆಮನೆಗೆ ತಾವೇ ನುಗ್ಗಿ ದೊಡ್ಡ ಪಾತ್ರೆಯಿಂದ ಒಂದು ಸೌಟು ಹಿಟ್ಟು ತಂದರು. ಅದರಲ್ಲಿದ್ದ ಬ್ಯಾಕ್ಟೀರಿಯಾವೊಂದು ಸುರಿಸಿದ ಪೆಪ್ಟೈಡ್, ಭಿವಂಡಿಯ ಮಗ್ಗದ ಕೆಲಸಗಾರನೊಬ್ಬನ ಮಾಗದ ಗಾಯದಿಂದ ಬಂದಿದ್ದ ರೋಗಾಣುವಿನ ಹೊರಪೊರೆಯನ್ನು ತೂತು ಮಾಡಿ ಕೊಂದಿತು. ತೃಪ್ತಿ ಅಂದು ಖುಷಿಗೆ ಅತ್ತೇಬಿಟ್ಟಳು. ಆ ಮಳೆಗಾಲದಲ್ಲೇ ಕರೆಂಟು ಹೋಗಿ, ಫ್ರೀಜರ್ ಕೆಟ್ಟು, ಕಾಪಿಟ್ಟ ಬ್ಯಾಕ್ಟೀರಿಯಾ ಸತ್ತುಹೋಯಿತು. ಆಗಿದ್ದು ಆಯಿತೆಂದುಕೊಂಡು ಮೇಡಂ ಕಿಟ್ಟಣ್ಣನಿಗೆ ಹೇಳಿ ಮತ್ತೆ ಹಿಟ್ಟು ತರಿಸಿದರು. ಏಳು ತಿಂಗಳಲ್ಲಿ ಹನ್ನೊಂದು ಬಾರಿ ತರಿಸಿದರೂ ಪೆಪ್ಟೈಡ್‌ನ ಸುಳಿವಿಲ್ಲ.

"ಮೇಡಂ, ಫಿರ್ ಸೇ ಝೀರೋ," ಮತ್ತೆ ಸೊನ್ನೆಯೇ ಎನ್ನುತ್ತಿದ್ದಳು ತೃಪ್ತಿ. ಏಪ್ರಿಲ್ ಮುಗಿಯುವುದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ಅವಳ ಪಿಎಚ್.ಡಿ. ನೋಂದಣಿಯೇ ರದ್ದಾಗುವುದಿತ್ತು. ಮೊದಲ ಫಲಿತಾಂಶವನ್ನೇ ಬರೆದು ಕೈತೊಳೆದುಕೊಳ್ಳಿ ಎಂದವರು ಒಬ್ಬಿಬ್ಬರಲ್ಲ. ಮೇಡಂ ಜಗ್ಗಲಿಲ್ಲ.

"ಇದು ನಾಳೆ ಯಾರದ್ದೋ ಗಾಯಕ್ಕೆ ಹಾಕುವಂಥದ್ದು ತೃಪ್ತಿ. ಇನ್ನೊಮ್ಮೆ ಕಾಣದೆ ಬರೆಯಲಿಕ್ಕಿಲ್ಲ," ಎಂದರು. ತೃಪ್ತಿಗೆ ಆ ದಿನ ಅವರ ಮೇಲೆ ಸಿಟ್ಟೇ ಬಂದಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮೇಡಂ ಅವಳನ್ನು ಕರೆದುಕೊಂಡು ಹೋಟೆಲಿಗೇ ಹೋದರು. ಕಿಟ್ಟಣ್ಣ ಗಲ್ಲಾ ಬಿಟ್ಟು ಎದ್ದು ಬಂದ. ಮೇಡಂ ಅಡುಗೆಮನೆಯ ಆ ದೊಡ್ಡ ಪಾತ್ರೆ ತೋರಿಸಿದರು.

"ಕಿಟ್ಟಣ್ಣ, ನಮಗೆ ಕಳಿಸುವ ಹಿಟ್ಟು ಈ ಪಾತ್ರೆಯದ್ದೇ ಅಲ್ವಾ?"

"ಛೆ ಛೆ, ಅದರಲ್ಲಿ ನಿನ್ನೆಯ ಹಿಟ್ಟು ಸೇರಿಸಿರ್ತೇವೆ ಮೇಡಂ. ಅಪ್ಪನ ಕಾಲದಿಂದ ಹಾಗೇ. ಕಾಲೇಜಿನವರಿಗೆ ಹಳೇದು ಕೊಡ್ಲಿಕ್ಕುಂಟಾ? ನಿಮ್ಮದು ಬೇರೆಯೇ ಅರೆಸುದು, ತೊಳೆದ ಪಾತ್ರೆಯಲ್ಲಿ, ಫ್ರೆಶ್."

ಬೇಕಾದ ಬ್ಯಾಕ್ಟೀರಿಯಾ ದಿನದಿಂದ ದಿನಕ್ಕೆ ದಾಟಿ ಬಂದದ್ದು ಆ ಹಳೆಯ ಹಿಟ್ಟಿನಲ್ಲಿ. ಕಿಟ್ಟಣ್ಣ ಮರ್ಯಾದೆಯಿಂದ ಅದನ್ನೇ ಬಿಟ್ಟು ಕಳಿಸುತ್ತಿದ್ದ. ಮೇಡಂ ಅಲ್ಲೇ ಕುರ್ಚಿಗೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದೊಡ್ಡ ಪಾತ್ರೆಯ ಹಿಟ್ಟನ್ನೇ ತಂದು ಪರೀಕ್ಷಿಸಿದ ನಾಲ್ಕನೆಯ ವಾರಕ್ಕೆ ಪೆಪ್ಟೈಡ್ ಸಿಕ್ಕಿತು. ಮೂರು ಬಾರಿ ಪರೀಕ್ಷಿಸಿದರೂ ಸಿಕ್ಕಿತು. ಗಡುವಿಗೆ ಎರಡು ದಿನವಿರುವಾಗ ತೃಪ್ತಿ ಪ್ರಬಂಧ ಸಲ್ಲಿಸಿದಳು. ಇಂದು ಖಾರಘರದ ಪ್ರಯೋಗಾಲಯವೊಂದರಲ್ಲಿ ಆ ಪೆಪ್ಟೈಡನ್ನು ಇಲಿಗಳ ಗಾಯದ ಮೇಲೆ ಪರೀಕ್ಷಿಸುತ್ತಿರುವವಳು ಅವಳೇ. ಅದು ಔಷಧವಾಗುವ ದಾರಿ ಇನ್ನೂ ಬಹಳ ಉದ್ದವಿದೆಯೆಂದು ಯಾರ ಮುಂದೆಯೂ ಮುಚ್ಚುಮರೆಯಿಲ್ಲದೆ ಹೇಳುವುದನ್ನೂ ಅವಳು ಮೇಡಂ ಅವರಿಂದಲೇ ಕಲಿತಳು. ಇಂಥವರ ಶಿಷ್ಯೆ ಎನ್ನಿಸಿಕೊಳ್ಳುವುದು ಅವಳಿಗೆ ಪದವಿಗಿಂತ ದೊಡ್ಡ ಹೆಮ್ಮೆ.

ಆ ಪೆಪ್ಟೈಡ್ ರೋಗಿಯ ಹಾಸಿಗೆಯವರೆಗೆ ತಲುಪುವುದನ್ನು ಕಣ್ಣಾರೆ ನೋಡುವಷ್ಟು ಆಯುಷ್ಯ, ಅಲ್ಲಿಯವರೆಗೆ ಬೈದು ತಿದ್ದುವಷ್ಟು ಆರೋಗ್ಯ ಮೇಡಂ ಅವರಿಗಿರಲಿ. ಅವರಂತೂ ವಿಶ್ರಾಂತಿಯ ಮಾತೆತ್ತಿಲ್ಲ. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಕಿಟ್ಟಣ್ಣ ಸಂಕೋಚದಿಂದ ಒಂದು ಸ್ಟೀಲ್ ಡಬ್ಬಿ ನೀಡಿ, "ನಿನ್ನೆಯದ್ದೇ ಮೇಡಂ," ಎಂದ. ಮೇಡಂ ಹಾರ ತೆಗೆದು ಪಕ್ಕಕ್ಕಿಟ್ಟರು. ಭಾಷಣಗಳು ಮುಗಿಯುವವರೆಗೂ ಆ ಡಬ್ಬಿ ಅವರ ಮಡಿಲಲ್ಲೇ ಇತ್ತು.