ಹದಿಮೂರನೇ ನಂಬರಿನ ಬಾಟಲಿ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರನನ್ನು ಎಲ್ಲರೂ ಬಾಟ್ಲಿ ಮಾಮ ಅಂತಲೇ ಕರೆಯುತ್ತಿದ್ದರು. ಹೆಸರು ಕೇಳಿ ಏನೇನೋ ಅಂದುಕೊಳ್ಳಬೇಡಿ, ಮನುಷ್ಯ ಚಹಾ ಬಿಟ್ಟರೆ ಬೇರೇನನ್ನೂ ಮುಟ್ಟಿದವನಲ್ಲ. ಆದರೂ ಒಮ್ಮೆ ಬಾಡಿಗೆ ಮನೆ ಹುಡುಕುವಾಗ ಯಾರೋ ಪುಣ್ಯಾತ್ಮರು ಮನೆಯೊಡತಿಯ ಕಿವಿಗೆ ಈ ಹೆಸರು ಹಾಕಿ, ಆಕೆ ಮನೆ ಕೊಡಲು ಹಿಂದೆಮುಂದೆ ನೋಡಿದ್ದಳು. ಕೊನೆಗೆ ಮಾಮನ ಹೆಂಡತಿಯೇ ಗಂಡನ ಕೈ ಹಿಡಿದು ಮುಂದೆ ಮಾಡಿ, "ನೋಡಮ್ಮಾ, ಈ ಕೈ ಬಾಟಲಿ ತೊಳೆದೂ ತೊಳೆದೂ ಹಿಂಗಾಗಿದೆ, ಕುಡಿದಲ್ಲ" ಅಂತ ತೋರಿಸಬೇಕಾಯಿತು. ಬೆರಳ ತುದಿಗಳು ಕಪ್ಪು, ಹೆಬ್ಬೆರಳಿನ ಪಕ್ಕ ಹಳದಿ. ಲ್ಯಾಬಿನ ಕಲೆಗಳು ಸೋಪಿಗೆ ಬಗ್ಗುವಂಥವಲ್ಲ, ಚರ್ಮ ಸವೆದಾಗಲೇ ಹೋಗಬೇಕು.

ಓದಿದ್ದು ಏಳನೇ ಕ್ಲಾಸು. ಕಾಲೇಜಿನ ಗಿಡಗಳಿಗೆ ನೀರು ಹಾಕಲು ಸೇರಿದವನು ಒಂದು ದಿನ ಯಾರೋ ರಜ ಹಾಕಿದರೆಂದು ಲ್ಯಾಬಿಗೆ ಹೋದ. ಹೋದವನು ಅಲ್ಲೇ ಉಳಿದ. ಯಾವ ಆಮ್ಲಕ್ಕೆ ಎಷ್ಟು ನೀರು, ಯಾವ ಪುಡಿ ಗಾಳಿಗಿಟ್ಟರೆ ಒದ್ದೆಯಾಗುತ್ತೆ, ಎಲ್ಲ ಅವನಿಗೆ ಬಾಯಿಪಾಠ. ಯಾಕೆ ಅಂತ ಕೇಳಿದರೆ ಮಾತ್ರ, "ಅದೆಲ್ಲ ನಿಮ್ಮ ಮೇಷ್ಟ್ರನ್ನ ಕೇಳ್ರಪ್ಪಾ, ನಂದು ಹೆಂಗೆ ಅನ್ನೋದಷ್ಟೇ" ಅನ್ನುತ್ತಿದ್ದ.

ಅವನಿಗೆ ವರ್ಷವೆಲ್ಲ ಒಂದು ಲೆಕ್ಕ, ಬೇಸಿಗೆಯ ಮೂರು ವಾರವೇ ಒಂದು ಲೆಕ್ಕ. ಕಾಲೇಜು ಖಾಲಿಯಾದ ಮೇಲೆ ಅಲ್ಲಿ ಮಕ್ಕಳ ವಿಜ್ಞಾನ ಶಿಬಿರ ನಡೆಯುತ್ತಿತ್ತು. ಹನ್ನೆರಡರಿಂದ ಹದಿನೈದು ವರ್ಷದ ಇಪ್ಪತ್ತು ಮಕ್ಕಳು. ಓರಗೆಯವರು ಮಾವಿನ ಮರಕ್ಕೋ ಕೆರೆಗೋ ಬಿದ್ದಿರುವ ಹೊತ್ತಿನಲ್ಲಿ ಇವರು ಉದ್ದನೆಯ ಬಿಳಿ ಕೋಟು ತೊಟ್ಟು, ತೋಳು ನಾಲ್ಕು ಮಡಿಕೆ ಮಡಚಿ, ಟ್ಯೂಬು ಹಿಡಿದು ನಿಲ್ಲುತ್ತಿದ್ದರು. ಇದೇನು ಹುಚ್ಚೋ ಅಂತ ಮಾಮನಿಗೆ ಮೊದಮೊದಲು ಅನ್ನಿಸಿದ್ದುಂಟು.

ಆ ಶಿಬಿರಕ್ಕೊಂದು ಕಟ್ಟಳೆ. ಮೊದಲ ದಿನ ಪ್ರತಿ ಮಗುವಿಗೂ ಒಂದು ಪುಟ್ಟ ಬಾಟಲಿ ಕೊಡುವುದು. ಒಳಗೆ ಎರಡು ಚಮಚೆ ಪುಡಿ, ಹೊರಗೆ ಬರೀ ನಂಬರು. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಬೇರೆ ಬೇರೆ ಪುಡಿ. ಒಳಗಿರುವುದು ಏನು ಅಂತ ಕೊನೆಯ ದಿನದೊಳಗೆ ಕಂಡುಹಿಡಿಯಬೇಕು. ಸರಿಯಾಗಿ ಹೇಳಿದವರಿಗಷ್ಟೇ ಮುಂದಿನ ವರ್ಷದ ದೊಡ್ಡ ಶಿಬಿರಕ್ಕೆ ಪ್ರವೇಶ. ಬಾಟಲಿ ತುಂಬುವವನು ಮಾಮ. ಯಾವ ನಂಬರಿಗೆ ಯಾವ ಪುಡಿ ಅಂತ ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದು ಬೀರುವಿಗೆ ಬೀಗ ಹಾಕುವವನೂ ಮಾಮ. ಕೊನೆಯ ದಿನದವರೆಗೆ ಆ ಪುಸ್ತಕವನ್ನು ಯಾರೂ ತೆರೆಯುವ ಹಾಗಿಲ್ಲ, ಶಿಬಿರ ನಡೆಸುವ ಮೇಡಮ್ ಕೂಡ. ಮೂವತ್ತೊಂದು ಬೇಸಿಗೆಯಲ್ಲಿ ಅದರಲ್ಲಿ ಒಂದೇ ಒಂದು ತಪ್ಪು ಸಿಕ್ಕಿರಲಿಲ್ಲ. ಮಾಮ ಸಾಧು ಮನುಷ್ಯನೇ, ಆದರೆ ಈ ವಿಷಯಕ್ಕೆ ಬಂದರೆ ಅವನ ತಲೆ ಸ್ವಲ್ಪ ಮೇಲೇ ಇರುತ್ತಿತ್ತು.

ಈ ಸಲ ಅದಕ್ಕೇ ಒಂದು ಸನ್ಮಾನ. ಮುಂದಿನ ತಿಂಗಳು ಮಾಮನಿಗೆ ನಿವೃತ್ತಿ, ಹಾಗಾಗಿ ಸಮಾರೋಪದ ದಿನ ಫಲಕ ಕೊಡುವುದೆಂದು ಪ್ರಿನ್ಸಿಪಾಲರು ನಿಶ್ಚಯಿಸಿದ್ದರು. 'ಒಂದೂ ತಪ್ಪಿಲ್ಲದ ಮೂವತ್ತೊಂದು ವರ್ಷ' ಅಂತ ಹಿತ್ತಾಳೆಯ ಮೇಲೆ ಕೆತ್ತಿಸಿಯೂ ಆಗಿತ್ತು. ಸುದ್ದಿ ಕೇಳಿದ ದಿನದಿಂದ ಹೆಂಡತಿ ಗೋಡೆಯಲ್ಲಿ ಮೊಳೆ ಹೊಡೆಯುವ ಜಾಗ ಹುಡುಕುತ್ತಿದ್ದಳು.

ಎಡವಟ್ಟಾಗಿದ್ದು ಶಿಬಿರಕ್ಕೆ ಮುಂಚೆ, ರಜೆಯಲ್ಲಿ. ಲ್ಯಾಬಿನ ಗೋಡೆಗೆ ಬಣ್ಣ ಹೊಡೆಯುವವರು ಕಪಾಟಿನ ಬಾಟಲಿಗಳನ್ನೆಲ್ಲ ಕೆಳಗಿಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಮೇಲಿಟ್ಟರು. ಆಮ್ಲದ ಹೊಗೆಗೆ ಆ ಬಾಟಲಿಗಳ ಚೀಟಿಗಳು ಯಾವತ್ತೋ ಮಸಿ ಹಿಡಿದು ಹೋಗಿದ್ದವು. ಮಾಮ ಚೀಟಿ ಓದುತ್ತಿರಲಿಲ್ಲ, ಜಾಗ ನೋಡುತ್ತಿದ್ದ. ಎರಡನೇ ಸಾಲಿನಲ್ಲಿ ಎಡದಿಂದ ಏಳನೆಯದು ಕ್ಯಾಲ್ಸಿಯಂ, ಎಂಟನೆಯದು ಸ್ಟ್ರಾನ್ಷಿಯಂ. ಎರಡೂ ಬೆಳ್ಳಗೆ, ಎರಡೂ ಸೀಮೆಸುಣ್ಣದ ಪುಡಿಯ ಹಾಗೆ. ಮೂವತ್ತೊಂದು ವರ್ಷ ಕೈ ತಾನಾಗಿ ಹೋದ ಜಾಗಕ್ಕೇ ಈ ಸಲವೂ ಹೋಯಿತು. ಏಳನೆಯದರಿಂದ ಹದಿಮೂರನೇ ನಂಬರಿಗೆ ತುಂಬಿದ, ಎಂಟನೆಯದರಿಂದ ನಾಲ್ಕನೇ ನಂಬರಿಗೆ. ಪುಸ್ತಕದಲ್ಲಿ ಬರೆದ, ಬೀಗ ಹಾಕಿದ, ಮನೆಗೆ ಹೋಗಿ ನೆಮ್ಮದಿಯಾಗಿ ಉಂಡ.

ಮಾಮ ಮಕ್ಕಳನ್ನು ಕರೆಯುತ್ತಿದ್ದದ್ದು ನಂಬರಿನಿಂದಲೇ. ಈ ಸಲದ ಹದಿಮೂರು ಒಂದು ಹುಡುಗಿ. ಇಪ್ಪತ್ತರಲ್ಲಿ ಎಲ್ಲರಿಗಿಂತ ಚಿಕ್ಕವಳು, ಮೇಜು ಎಟುಕದೆ ಮರದ ಪೆಟ್ಟಿಗೆಯ ಮೇಲೆ ನಿಲ್ಲುವವಳು. ಮಾತು ಕಡಿಮೆ, ಕಾಟ ಜಾಸ್ತಿ. ಒಂದೇ ಪ್ರಯೋಗವನ್ನು ಮೂರು ಸಲ ಮಾಡುವಳು. ಸಂಜೆ ಐದಕ್ಕೆ ಎಲ್ಲರೂ ಹೊರಗೆ ಓಡಿದರೆ ಇವಳು ಮಾತ್ರ ಪುಡಿ ಅಂಟಿಸಿದ ತಂತಿಯನ್ನು ಜ್ವಾಲೆಗೆ ಹಿಡಿದುಕೊಂಡು, "ಮಾಮ, ಇನ್ನೊಂದೇ ಒಂದು ಸಲ" ಅನ್ನುವಳು.

"ಒಂದು ಸಲ ನೋಡಿದ್ದೇ ಅಲ್ವೇನಮ್ಮಾ? ಬೆಂಕಿ ಏನು ಹೊತ್ತಿಗೊಂದು ಬಣ್ಣ ತೋರಿಸುತ್ತಾ?"

"ತೋರಿಸಲ್ಲ ಮಾಮ. ಅದೇ ಬಣ್ಣ ತೋರಿಸುತ್ತಾ ಅಂತಾನೇ ನೋಡ್ತಿರೋದು."

ಮಾಮ ಗೊಣಗುತ್ತಾ ಬೀಗದ ಕೈ ಮತ್ತೆ ಜೇಬಿಗೆ ಹಾಕಿಕೊಂಡ.

ಕೊನೆಯ ದಿನ ಬಂತು. ಪಕ್ಕದ ಸಭಾಂಗಣದಲ್ಲಿ ಅಪ್ಪ ಅಮ್ಮಂದಿರು, ಅತಿಥಿಗಳು ತುಂಬಿದ್ದರು; ಮಾಮನ ಹೆಂಡತಿ, ಮಗಳು ಮೊದಲ ಸಾಲಿನಲ್ಲೇ ಕೂತಿದ್ದರು. ಲ್ಯಾಬಿನಲ್ಲಿ ಮೇಡಮ್ ನೀಲಿ ಪುಸ್ತಕ ತೆರೆದು ಒಂದೊಂದೇ ನಂಬರು ಕರೆದರು. ನಾಲ್ಕನೇ ನಂಬರಿನ ಉದ್ದನೆಯ ಹುಡುಗ ಎದ್ದು, "ಕ್ಯಾಲ್ಸಿಯಂ ಕಾರ್ಬೊನೇಟ್" ಅಂದ. ಮೇಡಮ್ ಪುಸ್ತಕ ನೋಡಿ ತಲೆಯಾಡಿಸಿ, "ಇಲ್ಲ ಕಣೋ, ಸ್ಟ್ರಾನ್ಷಿಯಂ" ಅಂದರು. ಅವನು "ಸರಿ ಮೇಡಮ್" ಅಂದು, ತನ್ನ ಹಾಳೆಯಲ್ಲಿ ಬರೆದದ್ದನ್ನು ಅಡಿಕೋಲಿಟ್ಟು ನೇರವಾಗಿ ಹೊಡೆದುಹಾಕಿ ಕೂತುಬಿಟ್ಟ.

ಹದಿಮೂರರ ಸರದಿ. "ಸ್ಟ್ರಾನ್ಷಿಯಂ ಕಾರ್ಬೊನೇಟ್" ಅಂದಳು.

"ಹತ್ತಿರ ಬಂದಿದ್ದೀಯ ಪುಟ್ಟಾ. ಕ್ಯಾಲ್ಸಿಯಂ ಅದು. ಎರಡರ ಜ್ವಾಲೆಯೂ ಕೆಂಪು, ದೊಡ್ಡವರಿಗೂ ಮೋಸ ಆಗುತ್ತೆ."

ಹುಡುಗಿ ಕೂರಲಿಲ್ಲ. "ಮೇಡಮ್, ಕ್ಯಾಲ್ಸಿಯಂದು ಇಟ್ಟಿಗೆ ಕೆಂಪು. ನನಗೆ ಬಂದಿದ್ದು ಕಡುಗೆಂಪು. ಹನ್ನೊಂದು ಸಲ ನೋಡಿದೆ. ಪುಸ್ತಕದಲ್ಲಿ ತಪ್ಪಾಗಿರಬಹುದು."

ಮಕ್ಕಳು ಕಿಸಕ್ಕೆಂದರು. ಮಾಮನ ಪುಸ್ತಕದಲ್ಲಿ ತಪ್ಪಂತೆ. ಬೀರುವಿನ ಪಕ್ಕ ನಿಂತಿದ್ದ ಮಾಮನಿಗೆ ಮೈಯೆಲ್ಲ ಉರಿದುಹೋಯಿತು. ಇವಳ ಅಪ್ಪ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಬರೆದುಕೊಂಡು ಬಂದ ಪುಸ್ತಕ ಅದು. ಅಷ್ಟರಲ್ಲಿ ಪ್ರಿನ್ಸಿಪಾಲರ ಕಡೆಯಿಂದ ಎರಡನೇ ಸಲ ಕರೆ ಬಂತು. "ಆಮೇಲೆ ಮಾತಾಡೋಣ ಪುಟ್ಟಾ" ಅಂತ ಮೇಡಮ್ ಪುಸ್ತಕ ಮುಚ್ಚಿ, ಮಕ್ಕಳನ್ನು ಕರೆದುಕೊಂಡು ಹೊರಟೇಬಿಟ್ಟರು.

ಹದಿಮೂರು ಮಾತ್ರ ಪೆಟ್ಟಿಗೆಯ ಮೇಲೆಯೇ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಮಾಮ ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದ.

"ಮಾಮ, ಒಂದು ಟ್ಯೂಬು ಕೊಡ್ತೀರಾ? ಜಿಪ್ಸಮ್ ನೀರೂ ಬೇಕು. ಅದನ್ನ ಹಾಕಿದ್ರೆ ಕ್ಯಾಲ್ಸಿಯಂ ಹಾಗೇ ತಿಳಿಯಾಗಿರುತ್ತೆ. ಸ್ಟ್ರಾನ್ಷಿಯಂ ಆದ್ರೆ ನಿಧಾನಕ್ಕೆ ಬೆಳ್ಳಗಾಗುತ್ತೆ."

ಇವಳ ಬಾಯಿ ಮುಚ್ಚಿಸಲಾದರೂ ಸರಿ ಅಂತ ಮಾಮ ಕೊಟ್ಟ. ಅವಳು ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಜಿಪ್ಸಮ್ ನೀರು ಹಾಕಿ, ಸ್ವಲ್ಪ ಬಿಸಿ ಮಾಡಿ ಸ್ಟ್ಯಾಂಡಿನಲ್ಲಿಟ್ಟಳು. ನೀರು ಗಾಜಿನಷ್ಟೇ ತಿಳಿಯಾಗಿತ್ತು. ಒಂದು ನಿಮಿಷ ಆಯಿತು, ಎರಡಾಯಿತು. ಮಾಮನ ಎದೆ ಹಗುರಾಯಿತು.

"ನೋಡಿದ್ಯೇನಮ್ಮಾ, ಏನಿಲ್ಲ. ನಡಿ, ಅಲ್ಲಿ ಕಾಯ್ತಿದ್ದಾರೆ."

"ಇನ್ನೂ ಹೊತ್ತು ಆಗಿಲ್ಲ ಮಾಮ."

ಆ ಹುಡುಗಿ ನಿಂತ ರೀತಿ ಮಾಮನ ಕಣ್ಣಿಗೆ ಬಿತ್ತು. ಕೈ ಬೆನ್ನ ಹಿಂದೆ, ಕಣ್ಣು ಟ್ಯೂಬಿನ ಮೇಲೆ. ಬೆಳ್ಳಗಾಗಲಿ ಅನ್ನುವ ಹಟ ಆ ಮುಖದಲ್ಲಿರಲಿಲ್ಲ, ಆಗದಿದ್ದರೆ ಅನ್ನುವ ಹೆದರಿಕೆಯೂ ಇರಲಿಲ್ಲ. ಏನಾಗುತ್ತೋ ಅದನ್ನು ನೋಡಲು ಬಂದವಳು ಅವಳು, ಅಷ್ಟೇ. ಸಾವಿರಾರು ಟ್ಯೂಬು ತುಂಬಿದ, ಸಾವಿರಾರು ತೊಳೆದ ಮಾಮ ಒಂದೇ ಒಂದರ ಮುಂದೆಯೂ ಹೀಗೆ ಕಾದು ನಿಂತವನಲ್ಲ. ಅವನೂ ಅವಳ ಪಕ್ಕ ಬಗ್ಗಿ ನಿಂತ.

ಐದನೇ ನಿಮಿಷವೋ ಆರನೆಯದೋ, ಟ್ಯೂಬಿನ ತಳದಲ್ಲಿ ಏನೋ ಮಸುಕಾಯಿತು. ಕನ್ನಡಕ ಮಂಜಾಯಿತೇನೋ ಅಂತ ಮಾಮ ತೆಗೆದು ಒರೆಸಿಕೊಂಡ. ಮಸುಕು ಅಲ್ಲೇ ಇತ್ತು. ಸದ್ದಿಲ್ಲ, ಗುಳ್ಳೆಯಿಲ್ಲ, ಯಾರೂ ಮುಟ್ಟುತ್ತಿಲ್ಲ. ತಿಳಿನೀರು ತನ್ನಷ್ಟಕ್ಕೆ ತಾನೇ ಹಾಲು ಬೆರೆಸಿದಂತೆ ಬಿಳಿಯಾಗುತ್ತಾ ಮೇಲೆ ಬಂತು. ಮಾಮನ ಮೈ ಜುಮ್ಮೆಂದಿತು. ಪುಸ್ತಕದಲ್ಲಿ ಏನು ಬರೆದಿದೆ, ಬರೆದವನು ಯಾರು, ಎಷ್ಟು ವರ್ಷದವನು, ಯಾವುದೂ ಆ ನೀರಿಗೆ ಬೇಕಿರಲಿಲ್ಲ. ಅದು ಏನಾಗಿತ್ತೋ ಅದನ್ನೇ ಹೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ನಿಲ್ಲಲು ಹನ್ನೆರಡು ವರ್ಷದ ಮಗುವಿಗೆ ತಾಳ್ಮೆಯಿತ್ತು. ಎಂಥ ಮಕ್ಕಳ ನಡುವೆ ಬಾಳಿಬಿಟ್ಟೆ ನಾನು, ಅಂದುಕೊಂಡ ಮಾಮ.

ಆಮೇಲೆ ಕಪಾಟಿಗೆ ಹೋಗಿ ಏಳನೇ ಬಾಟಲಿ ಇಳಿಸಿದ. ಕಿಟಕಿಯ ಬೆಳಕಿಗೆ ಹಿಡಿದು, ಮಸಿ ಉಜ್ಜಿ, ಕಣ್ಣಿಗೆ ತಾಗುವಷ್ಟು ಹತ್ತಿರ ತಂದ. ತೂತುಬಿದ್ದ ಕಾಗದದಲ್ಲಿ 'ಸ್ಟ್ರಾ' ಅಂತ ಉಳಿದಿತ್ತು. ಎಂಟನೆಯದನ್ನು ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದ. ಆಗ ಅವನಿಗೆ ನಾಲ್ಕನೇ ನಂಬರಿನ ಹುಡುಗ ನೆನಪಾದ. ಅವನದೂ ಸರಿಯೇ ಇತ್ತು. ಅವನು ಮಾತ್ರ ಒಂದು ಮಾತೂ ಆಡದೆ ಹೊಡೆದುಹಾಕಿಕೊಂಡಿದ್ದ.

ಹದಿಮೂರು ಸ್ಟ್ಯಾಂಡಿನಿಂದ ಟ್ಯೂಬು ತೆಗೆದಳು. "ಸಾಕು ಮಾಮ. ನಂಗೆ ಗೊತ್ತಾಯ್ತು. ತೊಳೆದು ಇಡ್ತೀನಿ." ಅವಳ ಮಟ್ಟಿಗೆ ಅದು ಮುಗಿದ ಕೆಲಸ. ನಲ್ಲಿಯ ಕಡೆ ಹೊರಟಳು. ತೊಳೆದರೆ ಎಲ್ಲ ತೊಳೆದುಹೋಗುತ್ತಿತ್ತು. ಫಲಕ ಮನೆಗೆ ಬರುತ್ತಿತ್ತು, ಮೊಳೆಯ ಜಾಗವೂ ಗೊತ್ತಾಗಿತ್ತು. ನಲ್ಲಿ ತಿರುಗಿಸುವ ಸದ್ದಿಗೆ ಮಾಮ ಬಾಯಿ ಬಿಟ್ಟ.

"ತೊಳೀಬೇಡ. ಇಲ್ಲಿ ಕೊಡು."

ಸಭಾಂಗಣದಲ್ಲಿ ಅವನ ಹೆಸರು ಕರೆದಾಗ ಮಾಮ ಒಂದು ಕೈಯಲ್ಲಿ ಟ್ಯೂಬು, ಇನ್ನೊಂದರಲ್ಲಿ ಹಳೇ ಬಾಟಲಿ ಹಿಡಿದು ವೇದಿಕೆ ಹತ್ತಿದ. ಪ್ರಿನ್ಸಿಪಾಲರು ಫಲಕದ ಮೇಲಿನ ಸಾಲು ಗಟ್ಟಿಯಾಗಿ ಓದಿ ಮುಗಿಸಿದರು. ಚಪ್ಪಾಳೆ ನಿಲ್ಲುವವರೆಗೆ ಕಾದು, ಮಾಮ ಮೈಕಿನ ಹತ್ತಿರ ಹೋದ.

"ಫಲಕ ನಾನು ತಗೊಳ್ಳೋ ಹಾಗಿಲ್ಲ ಸಾರ್. ಈ ಸಲದ ಪುಸ್ತಕದಲ್ಲಿ ಎರಡು ತಪ್ಪಿವೆ. ನಂದೇ. ಚೀಟಿ ಓದದೆ ತುಂಬಿದೆ. ಹದಿಮೂರನೇ ನಂಬರು ಹೇಳಿದ್ದು ಸರಿ. ನಾಲ್ಕನೇ ನಂಬರು ಹೇಳಿದ್ದೂ ಸರಿ. ಹಿಂದಿನ ವರ್ಷಗಳಲ್ಲಿ ಎಷ್ಟು ಮಕ್ಕಳು 'ಸರಿ ಮೇಡಮ್' ಅಂತ ಕೂತುಬಿಟ್ರೋ ನಂಗೆ ಗೊತ್ತಿಲ್ಲ. ಅವರೆಲ್ಲರ ಹತ್ತಿರ ಕ್ಷಮೆ ಕೇಳ್ತೀನಿ."

ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಪ್ರಿನ್ಸಿಪಾಲರು ಫಲಕ ಹಿಡಿದೇ ನಿಂತಿದ್ದರು. ಮೇಡಮ್ ಮೇಲೆ ಬಂದು ಟ್ಯೂಬನ್ನು ದೀಪಕ್ಕೆ ಹಿಡಿದು ನೋಡಿದರು, ಬಾಟಲಿಯ ಚೀಟಿ ನೋಡಿದರು. "ನಾನೂ ಪುಸ್ತಕ ನೋಡಿದೆನೇ ಹೊರತು ಮಕ್ಕಳ ಟ್ಯೂಬು ನೋಡಲಿಲ್ಲ" ಅಂತ ಮೈಕಿನಲ್ಲೇ ಹೇಳಿ, ಎರಡೂ ನಂಬರುಗಳನ್ನು ಮುಂದಿನ ಶಿಬಿರದ ಪಟ್ಟಿಗೆ ಸೇರಿಸಿದರು. ಮೊದಲ ಸಾಲಿನಲ್ಲಿ ಮಾಮನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಫಲಕ ಹೋಯಿತೆಂದೋ ಗಂಡನನ್ನು ನೋಡಿಯೋ, ಕೇಳುವ ಧೈರ್ಯ ಮಾಮನಿಗೆ ಆಗಲಿಲ್ಲ.

ಮೆಟ್ಟಿಲಿಳಿದರೆ ಕೆಳಗೆ ನಾಲ್ಕನೇ ನಂಬರು ನಿಂತಿದ್ದ. ಕೈಯಲ್ಲಿ ಆ ಹಾಳೆ. ಹೊಡೆದುಹಾಕಿದ ಗೆರೆಯ ಕೆಳಗೆ ಮೂರು ವಾರದ ಅಷ್ಟೂ ಪ್ರಯೋಗಗಳನ್ನು ಮುದ್ದಾದ ಅಕ್ಷರದಲ್ಲಿ ಬರೆದಿದ್ದ. ಜಿಪ್ಸಮ್ ನೀರಿನದೂ ಇತ್ತು, 'ಅರ್ಧ ಗಂಟೆ ಕಾದೆ, ತಿಳಿಯಾಗಿಯೇ ಇತ್ತು' ಅಂತ. ದೊಡ್ಡ ಶಿಬಿರದ ಸುದ್ದಿ ಅವನಿಗೆ ಕೇಳಿಸಿತ್ತೋ ಇಲ್ಲವೋ. ಅವನು ಮಾಮನನ್ನು ಕೇಳಿದ್ದೇ ಬೇರೆ.

"ಹಾಗಾದ್ರೆ ಮಾಮ, ನಾನು ನೋಡಿದ್ದು ನಿಜಾನಾ?"

"ನಿಜ ಕಣಪ್ಪಾ" ಅಂದ ಮಾಮ. ಜೇಬಿನ ಪೆನ್ನು ತೆಗೆದು, ಹೊಡೆದುಹಾಕಿದ ಗೆರೆಯ ಪಕ್ಕ 'ಸರಿ' ಅಂತ ಬರೆದ.