ಎಂಬತ್ತರ ಮುಖ

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಮೇಕಪ್ಪಕ್ಕ ಅಂತಲೇ ಕರೆಯುತ್ತಿದ್ದರು. ಗೇಟಿನ ಕಾವಲುಗಾರನಿಂದ ಹಿಡಿದು ನಿರ್ಮಾಪಕರವರೆಗೆ, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ಮೂವತ್ತೊಂದಕ್ಕೇ ಊರಿಗೆಲ್ಲ ಅಕ್ಕನಾಗಿಬಿಟ್ಟೆ ಎಂದು ಅವಳು ಗೊಣಗಿದರೆ ಗಂಡ ನಗುತ್ತಿದ್ದ. "ನಾನೊಬ್ಬನಾದ್ರೂ ಹಾಗೆ ಕರೆಯಲ್ಲವಲ್ಲ, ಸಮಾಧಾನ ಮಾಡ್ಕೋ."

ಗಂಡ ಅದೇ ಸ್ಟುಡಿಯೋದಲ್ಲಿ ಸೆಟ್ ಬಡಗಿ. ಅರಮನೆ ಅಂದರೆ ಅರಮನೆ, ಜೈಲು ಅಂದರೆ ಜೈಲು, ಎರಡೂ ಅದೇ ಹಲಗೆಗಳಲ್ಲಿ. ಮುಂದಿನಿಂದ ಕಲ್ಲು, ಹಿಂದಿನಿಂದ ಪ್ಲೈವುಡ್ಡು ಮತ್ತು ಮೊಳೆ. ಎರಡು ಕೋಣೆಯ ಮನೆಯಲ್ಲಿ ಅವರಿಬ್ಬರು, ಏಳು ವರ್ಷದ ಮಗಳು, ಅವನ ತಾಯಿ. ಅವನ ಅಪ್ಪ ನಲವತ್ತೂ ತುಂಬದೆ ತೀರಿಕೊಂಡವರು. ಅತ್ತೆ ಒಬ್ಬನೇ ಮಗನನ್ನು ಇಟ್ಟುಕೊಂಡು ಹೊಲಿಗೆ ಯಂತ್ರ ತುಳಿದು ಬದುಕಿದವರು. ಮಾತು ಖಾರ, ಕೈ ಮಾತ್ರ ಮೃದು.

ಮೇಕಪ್ಪಕ್ಕನಿಗೆ ಒಂದು ಕೆಲಸದಲ್ಲಿ ಹೆಸರಿತ್ತು: ಮುಖಕ್ಕೆ ವಯಸ್ಸು ತರುವುದು. ಬೇರೆಯವರು ಬಿಳಿ ವಿಗ್ ಇಟ್ಟು ಹಣೆಗೆ ನಾಲ್ಕು ಗೆರೆ ಎಳೆದು ಮುಗಿಸಿದರೆ, ಇವಳು ಬಸ್ಸಿನಲ್ಲಿ ಕೂತ ಮುದುಕರನ್ನೆಲ್ಲ ಕಣ್ಣಲ್ಲೇ ಅಳೆಯುತ್ತಿದ್ದಳು. ಮುಪ್ಪು ಮೊದಲು ಬರುವುದು ಹಣೆಗಲ್ಲ, ಕಿವಿಯ ಕೆಳಗೆ ಎನ್ನುತ್ತಿದ್ದಳು. ಒಬ್ಬ ಮುದುಕರಂತೂ "ಏನಮ್ಮಾ, ನನ್ನ ಮುಖದಲ್ಲಿ ನಿಮ್ಮ ತಂದೆ ಕಾಣಿಸ್ತಾರಾ?" ಎಂದು ಕೇಳಿಯೇಬಿಟ್ಟಿದ್ದರು.

ಆ ವರ್ಷ ಬಂದದ್ದು ಆ ಸಿನಿಮಾ. ಕತೆ ಹೀಗೆ. ಊರ ಕೊನೆಯ ಎತ್ತರದ ಗೋಡೆಯಲ್ಲಿ ಒಂದು ಬಾಗಿಲು. ಅದರಾಚೆ ಒಬ್ಬ ಹುಡುಗಿ. ಅವಳಿಗೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಈಚೆಗೆ ಇಪ್ಪತ್ತು ವರ್ಷ ಕಳೆದಿರುತ್ತದೆ. ಗಡಿಯಾರ ರಿಪೇರಿ ಮಾಡುವ ಒಬ್ಬ ಹುಡುಗ ಅವಳನ್ನು ಪ್ರೀತಿಸುತ್ತಾನೆ. ಇಪ್ಪತ್ತರಲ್ಲಿ ನೋಡಿದವಳನ್ನು ಮತ್ತೆ ನಲವತ್ತರಲ್ಲಿ, ಅರವತ್ತರಲ್ಲಿ, ಎಂಬತ್ತರಲ್ಲಿ ನೋಡುತ್ತಾನೆ. ಅವಳದು ಅದೇ ಲಂಗ, ಅದೇ ಜಡೆ, ಅದೇ ಪ್ರಾಯ. ಇವನೊಬ್ಬನೇ ಸವೆಯುತ್ತಾ ಹೋಗುತ್ತಾನೆ.

"ಸಿನಿಮಾ ನಿಂತಿರೋದು ನಿಮ್ಮ ಕೈಮೇಲೆ, ಅಕ್ಕಾ," ಎಂದರು ನಿರ್ದೇಶಕರು.

ನಾಯಕ ಇನ್ನೊಂದು ಚಿತ್ರದಲ್ಲಿ ಸಿಕ್ಕಿಕೊಂಡಿದ್ದ. ಒಂದು ತಿಂಗಳು ಮುಖ ಕೊಡಲಾರ. ಪ್ರಯೋಗಕ್ಕೆ ಯಾರಾದರೂ ಬೇಕಲ್ಲ? ಗಂಡನದೂ ಅದೇ ಉದ್ದ ಮುಖ, ಅದೇ ಎದ್ದ ಕೆನ್ನೆಮೂಳೆ. ಭಾನುವಾರ ಭಾನುವಾರ ಅಡುಗೆಮನೆಯ ಕುರ್ಚಿಯಲ್ಲಿ ಅವನನ್ನು ಕೂರಿಸಿದಳು. ಚರ್ಮವನ್ನು ಬೆರಳಿನಿಂದ ಎಳೆದು ಹಿಡಿದು, ಸ್ಪಂಜಿನಿಂದ ರಬ್ಬರ್ ಹಾಲು ಒತ್ತಿ, ಬಿಸಿಗಾಳಿಯಲ್ಲಿ ಒಣಗಿಸಿ ಕೈಬಿಟ್ಟರೆ, ಸುಕ್ಕು ತಾನೇ ತಾನಾಗಿ ಬಂದು ಕೂರುತ್ತಿತ್ತು. ಯಾವ ಸುಕ್ಕು ಎಲ್ಲಿಗೆ ಎನ್ನುವುದಕ್ಕೆ ಅವಳು ನೋಡುತ್ತಿದ್ದದ್ದು ಅತ್ತೆಯ ಮುಖ.

"ಅತ್ತೆ, ಒಂಚೂರು ನಗಿ. ಹಾಂ. ಈಗ ಸಿಟ್ಟು ಮಾಡ್ಕೊಳ್ಳಿ."

"ಸೊಸೆ ಎದುರಿಗಿರುವಾಗ ಅದನ್ನೂ ಹೇಳಿಕೊಡಬೇಕಾ?" ಎನ್ನುತ್ತಿದ್ದರು ಅತ್ತೆ.

ನಲವತ್ತು ಸಲೀಸಾಗಿ ಬಂತು. ಅರವತ್ತಕ್ಕೆ ಎರಡು ಭಾನುವಾರ ಹಿಡಿಯಿತು. ಎಂಬತ್ತರ ದಿನ ಅತ್ತೆ ಮನೆಯಲ್ಲಿರಲಿಲ್ಲ, ಕಾಯಿಲೆ ಬಿದ್ದ ತಂಗಿಯನ್ನು ನೋಡಲು ಹೋಗಿದ್ದರು. ಅಂದು ಬೆಳಿಗ್ಗೆ ಏಳಕ್ಕೆ ಕೂತವನ ಮುಖ ಮುಗಿದದ್ದು ಹನ್ನೊಂದರ ಹತ್ತಿರ. ಕನ್ನಡಿ ಕೊಟ್ಟಳು. ಅವನು ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡ.

"ಹೀಗಿರ್ತೀನಾ ನಾನು?" ಎಂದ.

"ಹೀಗೇ ಇರ್ತೀರಿ."

"ನಮ್ಮ ಮನೆ ಗಂಡಸರ ಮುದಿ ಮುಖ ನಾನು ನೋಡೇ ಇಲ್ಲ ಕಣೇ. ಚೆನ್ನಾಗೇ ಇದೆ." ಕನ್ನಡಿಯನ್ನು ಅವಳತ್ತ ತಿರುಗಿಸಿ, "ಆಗ ನೀನು ಹೇಗಿರ್ತೀಯ?" ಎಂದ.

"ನಿಮಗಿಂತ ನಾಲ್ಕು ವರ್ಷ ಚಿಕ್ಕವಳಾಗಿರ್ತೀನಿ. ಸುಮ್ನೆ ಕೂತ್ಕೊಳ್ಳಿ, ಗಡ್ಡ ಇನ್ನೂ ಅಂಟಿಲ್ಲ."

ಮಗಳು ಅಪ್ಪನನ್ನು ನೋಡಿ ಕಿರುಚಿ ಮಂಚದ ಕೆಳಗೆ ಸೇರಿಕೊಂಡಳು. ಅವನು ಕೋಲು ಹಿಡಿದು ಬ್ರೆಡ್ ತರಲು ಬೀದಿಗಿಳಿದ. ದಿನಾ ಚಿಲ್ಲರೆಗಾಗಿ ಕಾದಾಡುತ್ತಿದ್ದ ಅಂಗಡಿಯವನು ಸ್ಟೂಲು ಎಳೆದು "ಕೂತ್ಕೊಳ್ಳಿ ಯಜಮಾನರೇ" ಅಂದನಂತೆ. "ಪುಕ್ಕಟೆ ಮರ್ಯಾದೆ ಕಣೇ! ದಿನಾ ಹೀಗೇ ಕಳಿಸು," ಎಂದು ನಗುತ್ತಾ ಬಂದ. ನಗುವಾಗ ಕೆನ್ನೆಯ ಸುಕ್ಕು ಒಂದೂ ಬಿಡಲಿಲ್ಲ. ಅವಳಿಗೆ ಅದೇ ಹೆಮ್ಮೆ. ಬುಧವಾರ ಸ್ಟುಡಿಯೋದಲ್ಲಿ ಮತ್ತೆ ಇದೇ ಮಾಡಿ ಫೋಟೋ ತೆಗೆಸೋಣ, ಅಷ್ಟರಲ್ಲಿ ಅಮ್ಮನೂ ಬಂದಿರುತ್ತಾಳೆ, ಅವಳೂ ನೋಡಲಿ ಎಂದು ಮಾತಾಡಿಕೊಂಡು, ಸಂಜೆ ಬಿಸಿ ಎಣ್ಣೆ ಹಚ್ಚಿ ಆ ಮುಖವನ್ನು ಸುಲಿದು ತೆಗೆದಳು.

ಮಂಗಳವಾರ ಅವನು ಬಿದ್ದ.

ಆ ಗೋಡೆಯ ಸೆಟ್ಟು ಮೂವತ್ತಡಿ. ಮೇಲಿನ ಸಾಲಿಗೆ ಹಲಗೆ ಬಡಿಯುತ್ತಿದ್ದಾಗ ಕಾಲಡಿಯ ಸಾರುವೆ ಜಾರಿತು. ಜೊತೆಗಿದ್ದ ಹಿರಿಯ ಬಡಗಿ ಕಂಬವನ್ನು ತಬ್ಬಿ ಹಿಡಿದು ಉಳಿದುಕೊಂಡ. ಮೇಕಪ್ಪಕ್ಕ ಆಗ ನಾಯಕಿಯ ಹುಬ್ಬು ತಿದ್ದುತ್ತಿದ್ದಳು. ಲೈಟಿನ ಕೆಲಸದವನೊಬ್ಬ ಬಾಗಿಲಿಗೆ ಬಂದು ನಿಂತ. ಅವನ ಮುಖ ನೋಡಿ ಅವಳೇ ಓಡಿದಳು. ಒಂದೇ ಹುಬ್ಬಿನ ನಾಯಕಿಯೂ ಹಿಂದೆ ಓಡಿಬಂದಳು.

ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡೂವರೆಗೆ ಎಲ್ಲ ಮುಗಿಯಿತು. ಮುಖಕ್ಕೆ ಒಂದು ತರಚು ಗಾಯವೂ ಇರಲಿಲ್ಲ. ಮೂವತ್ತೈದರ ನುಣ್ಣನೆ ಮುಖ. ಅವಳು ಬೆರಳ ತುದಿಯಿಂದ ಅವನ ಕಿವಿಯ ಕೆಳಗೆ ಮುಟ್ಟಿ ನೋಡಿದಳು. ಸಂಜೆ ಬಸ್ಸಿಳಿದು ಬಂದ ಅತ್ತೆ ಮನೆಯ ಮೆಟ್ಟಿಲ ಹತ್ತಿರ ಅಷ್ಟು ಚಪ್ಪಲಿ ಕಂಡು ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಸ್ಟುಡಿಯೋ ಒಂದೂವರೆ ದಿನ ಮುಚ್ಚಿತ್ತು. ಮೂರನೇ ದಿನ ಗೋಡೆ ಮತ್ತೆ ಮೇಲೇಳತೊಡಗಿತು.

ಮೂರು ವಾರ ಕಳೆದು ಪ್ರೊಡಕ್ಷನ್ ಮ್ಯಾನೇಜರ್ ಮನೆಗೆ ಬಂದ. ಕೊಟ್ಟ ನೀರನ್ನೂ ಕುಡಿಯದೆ ಲೋಟ ತಿರುಗಿಸುತ್ತಾ ಕೂತ. ನಾಯಕನ ದಿನಗಳು ಮುಗಿಯುತ್ತಾ ಬಂದಿವೆ. ಬೇರೊಬ್ಬ ಮೇಕಪ್ ಮಾಡಿದರೆ ಎಂಬತ್ತರ ಮುದುಕ ಹಿಟ್ಟು ಮೆತ್ತಿದ ಗೊಂಬೆಯ ಹಾಗೆ ಕಾಣುತ್ತಾನೆ. "ಬಾಯಿಬಿಟ್ಟು ಕೇಳೋಕೆ ಮುಖ ಇಲ್ಲ ಅಕ್ಕಾ. ಆದ್ರೂ ಕೇಳ್ತಿದೀನಿ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಗೋಡೆ ನೋಡುತ್ತಾ ಕೂತಿದ್ದರು. ಮ್ಯಾನೇಜರ್ ಹೋದ ಮೇಲೆ, "ಆ ಮುಖಾನೇನಾ ಆ ಹೀರೋಗೆ ಹಾಕೋದು?" ಎಂದರು.

"ಅದೇ, ಅತ್ತೆ."

"ಹೋಗು. ನಾನಂತೂ ನೋಡ್ಲಿಲ್ಲ. ಸಿನಿಮಾದಲ್ಲಾದ್ರೂ ನೋಡ್ತೀನಿ."

ಹೊಟ್ಟೆಪಾಡಿಗೆ ಹೇಗೂ ಹೋಗಲೇಬೇಕಿತ್ತು. ಆದರೆ ಅವಳು ಹೊರಟದ್ದು ಬೇರೆಯೇ ಆಸೆಗೆ. ಅದನ್ನು ಅತ್ತೆ ಬಾಯಿಬಿಟ್ಟು ಹೇಳಿದ್ದರು ಅಷ್ಟೇ.

ಮೊದಲು ಎಂಬತ್ತರ ದೃಶ್ಯಗಳು ಒಂಬತ್ತು ದಿನ ನಡೆದವು, ನಲವತ್ತು ಅರವತ್ತರವು ಆಮೇಲೆ. ನಾಯಕ ಒಳ್ಳೆಯವನು, ಮಿತಭಾಷಿ. ಮೊದಲ ದಿನ ಬಂದವನೇ "ಏನು ಹೇಳಬೇಕೋ ಗೊತ್ತಾಗ್ತಿಲ್ಲ" ಎಂದು ಕೈಮುಗಿದು ಕುರ್ಚಿಯಲ್ಲಿ ಕೂತ. ಅವಳು ಬರೆದಿಟ್ಟುಕೊಂಡ ಪುಸ್ತಕ ತೆರೆಯಲೇ ಇಲ್ಲ. ಕೈಗೆ ಎಲ್ಲ ನೆನಪಿತ್ತು. ಗಡ್ಡದ ಕೊನೆಯ ಎಳೆ ಅಂಟಿಸಿ ಹಿಂದೆ ಸರಿದು ಕನ್ನಡಿ ನೋಡಿದರೆ, ಅಲ್ಲಿ ಗಂಡನೇ ಕೂತಿದ್ದ, ಅಂಗಡಿಯವನು ಸ್ಟೂಲು ಕೊಟ್ಟ ಆ ಯಜಮಾನನ ಹಾಗೆ. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಏನಾಯ್ತಕ್ಕಾ?" ದನಿ ಮಾತ್ರ ಇನ್ನೊಬ್ಬನದು.

"ಏನಿಲ್ಲ. ಗೋಂದು ಕಣ್ಣಿಗೆ ತಾಗ್ತು."

ಅಂದು ಬಡಗಿಗಳೆಲ್ಲ ನೋಡಲು ಬಂದು ನಿಂತಿದ್ದರು. ಸಾರುವೆ ಮೇಲೆ ಜೊತೆಗಿದ್ದ ಆ ಹಿರಿಯ ಬಡಗಿ ನಾಯಕ ಹೊರಬಂದದ್ದನ್ನು ಕಂಡವನೇ, "ಅಯ್ಯೋ ತಮ್ಮಾ," ಎಂದು ತಿರುಗಿ ನಡೆದುಬಿಟ್ಟ. ಉಳಿದ ಎಂಟು ದಿನವೂ ಶೂಟಿಂಗ್ ನಡೆಯುತ್ತಿದ್ದ ಆ ಫ್ಲೋರಿಗೆ ಕಾಲಿಡಲಿಲ್ಲ.

ಸಂಜೆಯಾದರೆ ನಾಯಕನಿಗೆ ಮನೆಗೆ ಹೋಗುವ ಆತುರ. ಎಳೆದು ಕಿತ್ತುಬಿಡಿ ಎನ್ನುತ್ತಿದ್ದ. ಚರ್ಮ ಕೆಡುತ್ತದೆ ಎಂದು ನೆಪ ಹೇಳಿ ಅವಳು ನಿಧಾನವಾಗಿ ಎಣ್ಣೆ ಹಚ್ಚುತ್ತಿದ್ದಳು. ಮೊದಲು ಗಡ್ಡ, ಆಮೇಲೆ ಕೆನ್ನೆ, ಕಣ್ಣ ಸುತ್ತ ಕೊನೆಗೆ. ಕೊನೆಯ ತುಂಡು ಬಂದಾಗ ಕೆಳಗಿಂದ ಯಾರೋ ಬೇರೆಯವನ ಮುಖ ಎದ್ದು ಬರುತ್ತಿತ್ತು. ಇದು ಒಂಬತ್ತು ಸಂಜೆ ನಡೆಯಿತು.

ಕೊನೆಯ ದಿನದ ದೃಶ್ಯ ಬಾಗಿಲ ಬಳಿ. ಮುದುಕ ಮೆಟ್ಟಿಲ ಮೇಲೆ ಕೂತಿದ್ದಾನೆ. ಹುಡುಗಿ ಹೊರಗೆ ಬರುತ್ತಾಳೆ, ಈ ಸಲ ಗುರುತು ಹಿಡಿಯುವುದಿಲ್ಲ. "ತಾತಾ, ಗಡಿಯಾರ ರಿಪೇರಿಯವರು ಇಲ್ಲೇ ಕಾಯ್ತೀನಿ ಅಂದಿದ್ರು, ನೋಡಿದ್ರಾ?" ಎನ್ನುತ್ತಾಳೆ. "ಬರ್ತಾನಮ್ಮ, ಕೂತ್ಕೋ," ಎನ್ನುತ್ತಾನೆ ಅವನು. ಇಬ್ಬರೂ ಪಕ್ಕಪಕ್ಕ ಕೂತು ಕಾಯುತ್ತಾರೆ. ಸ್ಪಂಜು ಹಿಡಿದು ಕ್ಯಾಮೆರಾದ ಹಿಂದೆ ನಿಂತಿದ್ದ ಮೇಕಪ್ಪಕ್ಕ ಅಂದು ಮನೆಗೆ ಬಂದು, "ಅತ್ತೆ, ಚೆನ್ನಾಗಿ ಬಂದಿದೆ," ಎಂದಷ್ಟೇ ಹೇಳಿದಳು.

ಎಂಟು ತಿಂಗಳ ಮೇಲೆ ಸಿನಿಮಾ ಬಿಡುಗಡೆಯಾಯಿತು. ಎರಡನೇ ದಿನದ ಬೆಳಗಿನ ಆಟಕ್ಕೆ ಮೂವರೂ ಹೋದರು. ಹೊಲಿಗೆ ಯಂತ್ರದ ಮುಂದೆ ಮಾತ್ರ ಹಾಕುತ್ತಿದ್ದ ದಪ್ಪ ಕನ್ನಡಕವನ್ನು ಅತ್ತೆ ಅಂದು ಮನೆಯಿಂದಲೇ ಹಾಕಿಕೊಂಡು ಹೊರಟರು. ನಲವತ್ತರ ಮುಖ ಬಂದಾಗ ಸೊಸೆಯ ಮೊಣಕೈ ಹಿಡಿದುಕೊಂಡರು. ಅರವತ್ತು ಬಂದಾಗ ಮಗಳು, "ಅಮ್ಮಾ, ಅಪ್ಪನ ಥರಾನೇ," ಎಂದು ಪಿಸುಗುಟ್ಟಿದಳು. ಅತ್ತೆ ಮುಂದಕ್ಕೆ ಬಾಗಿ ಕೂತರು.

ಮತ್ತೆ ಬಾಗಿಲು ತೆರೆಯಿತು. ಹುಡುಗಿ ಈಚೆ ಬರಲಿಲ್ಲ. ಅರವತ್ತರವನೇ ಒಳಗೆ ಕಾಲಿಟ್ಟ. ಮಿಂಚು, ಹೊಗೆ. ನೋಡಿದರೆ ಅವನು ಮತ್ತೆ ಇಪ್ಪತ್ತರ ಹುಡುಗ! ಇಬ್ಬರೂ ಕೈಹಿಡಿದು ಹೂವಿನ ನಡುವೆ ಓಡಿದರು, ಹಾಡಾಯಿತು, ತೆರೆಯ ಮೇಲೆ ಅಕ್ಷರಗಳು ಬಂದವು. ಜನ ಸಿಳ್ಳೆ ಹೊಡೆದರು. ದೀಪ ಹತ್ತಿತು.

"ಮಧ್ಯಂತರಾನಾ?" ಎಂದರು ಅತ್ತೆ.

"ಮುಗೀತು, ಅತ್ತೆ."

"ಅದು ಹೇಗೆ ಮುಗಿಯುತ್ತೆ? ಅವನಿಗಿನ್ನೂ ಎಂಬತ್ತಾಗಿಲ್ಲವಲ್ಲ!"

ಕಸ ಗುಡಿಸುವವನು ಬಂದು ಎಬ್ಬಿಸುವವರೆಗೆ ಅವರು ಏಳಲಿಲ್ಲ.

ಮರುದಿನ ಅವಳು ನಿರ್ದೇಶಕರನ್ನು ಹಿಡಿದಳು. ಅವರು ನೆಲ ನೋಡುತ್ತಾ ಹೇಳಿದರು: ಮೊದಲು ಕೆಲವರಿಗೆ ತೋರಿಸಿದಾಗ ಎಲ್ಲರೂ ಸತ್ತ ಮನೆಯಿಂದ ಎದ್ದು ಹೋದ ಹಾಗೆ ಹೋದರಂತೆ. ಪ್ರೀತಿಯ ಸಿನಿಮಾಕ್ಕೆ ಬಂದವರನ್ನು ಮುದುಕನ ಹತ್ತಿರ ಬಿಟ್ಟು ಕಳಿಸಿದರೆ ಆಗುತ್ತದೆಯೇ ಎಂದರಂತೆ ಹಂಚಿಕೆದಾರರು. ಇದ್ದ ತುಣುಕುಗಳನ್ನೇ ಜೋಡಿಸಿ ಹೊಸ ಕೊನೆ ಮಾಡಿದರಂತೆ. "ನನ್ನ ಕೈಮೀರಿತ್ತು ಅಕ್ಕಾ. ನಿಮಗೆ ಮೊದಲೇ ಹೇಳಬೇಕಿತ್ತು."

ಅವಳು ಎಡಿಟರ್ ಕೋಣೆಗೆ ಹೋದಳು. ಕತ್ತರಿಸಿದ ತುಂಡುಗಳಾದರೂ ಇರಬಹುದು, ಒಂದು ಗೇಣು ಸಿಕ್ಕರೂ ಸಾಕು ಎಂದಳು. ಎಡಿಟರ್ ತನ್ನ ಕುರ್ಚಿ ಬಿಟ್ಟುಕೊಟ್ಟು, ಡಬ್ಬಿ ಡಬ್ಬಿ ತೆಗೆದು ಬೆಳಕಿಗೆ ಹಿಡಿದು ನೋಡಿದ. ಹಳೆಯ ಫಿಲಂ ತೊಳೆದು ಬೆಳ್ಳಿ ತೆಗೆಯುವವರು ಬಂದು ಹೋಗಿ ಹತ್ತು ದಿನವಾಗಿತ್ತು. ನೆಗೆಟಿವ್ವೂ ಅದರಲ್ಲೇ ಹೋಗಿತ್ತು. "ಅದು ನಿನ್ನ ಮನೆಯವರ ಮುಖ ಅಂತ ನಂಗೆ ಯಾರೂ ಹೇಳಲಿಲ್ಲವಲ್ಲಮ್ಮಾ," ಎಂದು ಆ ವಯಸ್ಸಾದ ಮನುಷ್ಯ ಕಣ್ಣೊರೆಸಿಕೊಂಡ.

ಮನೆಗೆ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು. ಸಿಗಲಿಲ್ಲ ಎಂದು ಅವರಿಗೆ ಹೇಳುವ ಅಗತ್ಯ ಬೀಳಲಿಲ್ಲ.

"ಹೋಗ್ಲಿ. ಬಾಯಲ್ಲೇ ಹೇಳು. ಹೇಗಿದ್ದ?"

ಅವಳು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದಳು. ಕಿವಿಯ ಕೆಳಗಿನಿಂದ ಶುರುಮಾಡಿದಳು. ಕತ್ತಿನ ಜೋಲು, ಗಲ್ಲ, ತುಟಿಯ ಎರಡು ಬದಿಯ ಗೆರೆ, ಎಲ್ಲ ಸರಿಯಾಗಿ ಬಂದವು. ಕಣ್ಣಿಗೆ ಬಂದಾಗ ನಿಂತುಬಿಟ್ಟಳು. ಸುಕ್ಕಿನ ನಡುವಿನಿಂದ ಅವಳನ್ನು ನೋಡುತ್ತಿದ್ದದ್ದು ನಾಯಕನ ಕಣ್ಣು. ಆ ಭಾನುವಾರ ಕನ್ನಡಿ ಹಿಡಿದು ಕೂತವನನ್ನು ಕರೆದು ನೋಡಿದಳು. ಅವನ ಮಾತು ಬಂತು, ನಗು ಬಂತು, ಬ್ರೆಡ್ಡಿನ ಪೊಟ್ಟಣವೂ ಬಂತು. ಕಣ್ಣು ಬರಲಿಲ್ಲ. ಒಂದು ದಿನದ ಗಂಡನ ಮೇಲೆ ಒಂಬತ್ತು ದಿನದ ಬೇರೆಯವನು ಕೂತುಬಿಟ್ಟಿದ್ದ. ಅವನನ್ನು ಕೂರಿಸಿದ್ದು ತನ್ನ ಕೈಯೇ.

"ಯಾಕೆ ನಿಲ್ಲಿಸಿದೆ?"

"ಕಣ್ಣು ನಿಮ್ಮ ಹಾಗೇ ಇತ್ತು, ಅತ್ತೆ."

ಅತ್ತೆ ಅವಳ ಕಡೆ ತಿರುಗಿ, "ಅವನ ಕಣ್ಣು ಅವನಪ್ಪಂದು ಕಣಮ್ಮಾ," ಎಂದರು. ಎದ್ದು ಹೋಗಿ ಮೊಮ್ಮಗಳ ಶಾಲೆಯ ಬಟ್ಟೆಗೆ ಗುಂಡಿ ಹಾಕಲು ಕೂತರು.

ಸಿನಿಮಾ ಇಪ್ಪತ್ತೈದು ವಾರ ಓಡಿತು. ಅತ್ತೆ ಇನ್ನೂ ನಾಲ್ಕು ವರ್ಷ ಇದ್ದರು. ಮೇಕಪ್ಪಕ್ಕ ಬೇರೆ ಕೆಲಸ ಕಲಿತವಳಲ್ಲ, ಅದೇ ಸ್ಟುಡಿಯೋದಲ್ಲಿ ದುಡಿದಳು. ಮದುಮಗಳು, ದೆವ್ವ, ಗಾಯ, ಸುಟ್ಟ ಚರ್ಮ, ಏನು ಕೇಳಿದರೂ ಮಾಡಿಕೊಟ್ಟಳು. ಮುದುಕರ ವೇಷ ಬಂದರೆ ಮಾತ್ರ ಬೇರೆಯವರನ್ನು ನೋಡಿಕೊಳ್ಳಿ ಎನ್ನುತ್ತಿದ್ದಳು. ಯಾಕೆ ಎಂದು ಹೊಸಬರು ಕೇಳಿದರೆ, ರಬ್ಬರ್ ಹಾಲಿನ ವಾಸನೆ ನನಗೆ ಆಗಲ್ಲ ಎಂದು ಹೇಳಿ ಬ್ರಷ್ ತೊಳೆಯಲು ಹೋಗುತ್ತಿದ್ದಳು.