ಚಾಚಾಗೆ ತೋರಿಸಿದ ಹಲ್ಲು

ಜಪಾನಿನಲ್ಲಿ ನನ್ನ ಹೊಟ್ಟೆ ಉರಿಸಿದವನು ಜಪಾನಿನವನಲ್ಲ, ನಮ್ಮ ಶಿರಾದವನು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಬ್ಬರೂ ವೆಲ್ಡರ್‌ಗಳು, ಇರುವುದಕ್ಕೆ ಒಂದೇ ಕೋಣೆ.

ಅಲ್ಲಿ ಓವರ್‌ಟೈಮ್ ಮುಗಿದ ಗಂಟೆ ಹೊಡೆದರೂ ಯಾರೂ ಹೊರಡುವುದಿಲ್ಲ. ಮೇಲಿನವರು ಹೋಗುವ ತನಕ ಏನಾದರೊಂದನ್ನು ಒರೆಸುತ್ತ, ಜೋಡಿಸುತ್ತ ಇರಬೇಕು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಕೊರಟಗೆರೆಯ ನಮ್ಮ ಮನೆಯಲ್ಲಿ ಪಂಕ್ತಿಯ ಹಿರಿಯರು ಏಳದೆ ಎಲೆ ಬಿಟ್ಟು ಎದ್ದವರಿಲ್ಲ. ಹಾಗಾಗಿ ನಾನೂ ಉಳಿದೆ. ಶಿರಾದವನು ಮಾತ್ರ ಗಂಟೆ ಹೊಡೆದ ಕೂಡಲೇ ಎಲ್ಲರಿಗೂ ಬಗ್ಗಿ ನಮಸ್ಕರಿಸಿ ಹೊರಟುಬಿಡುತ್ತಿದ್ದ. ಇವನ ಕೆಲಸ ಇವತ್ತು ಹೋಗುತ್ತದೆ, ನಾಳೆ ಹೋಗುತ್ತದೆ ಎಂದು ಕಾದೆ. ಹೋಗಲೇ ಇಲ್ಲ. ಅವನ ಬೆನ್ನು ಬಾಗಿಲು ದಾಟುವುದನ್ನು ನೋಡಿದಾಗೆಲ್ಲ ಹೊಟ್ಟೆಗೆ ಕೊಳ್ಳಿ ಇಟ್ಟಂತಾಗುತ್ತಿತ್ತು.

ಕೆಲಸದ ಜಾಗಕ್ಕೆ ಫೋನ್ ಒಯ್ಯುವಂತಿಲ್ಲ. ನನ್ನದು ಕೋಣೆಯಲ್ಲೇ ಇರುತ್ತಿತ್ತು. ಅಲ್ಲಿ ರಾತ್ರಿ ಎಂಟಕ್ಕೆ ಗಂಟೆ ಹೊಡೆಯುವ ಹೊತ್ತಿಗೆ ಊರಲ್ಲಿ ನಾಲ್ಕೂವರೆ, ಮಗಳ ಶಾಲೆ ಬಿಡುತ್ತಿತ್ತು. ಚೀಲ ಬಿಸಾಕಿದವಳೇ ವಿಡಿಯೋ ಕಾಲ್ ಮಾಡುತ್ತಿದ್ದಳು. ಎತ್ತಿ, ಅಪ್ಪ ಇನ್ನೂ ಬಂದಿಲ್ಲ ಅಂತ ಹೇಳಿಬಿಡು ಎಂದು ಶಿರಾದವನಿಗೆ ಒಪ್ಪಿಸಿದವನು ನಾನೇ. ನಾನು ಕೋಣೆ ಸೇರುವಾಗ ನಡುರಾತ್ರಿಯ ಹತ್ತಿರ, ಅಷ್ಟರಲ್ಲಿ ಅವಳು ಮಲಗಿರುತ್ತಿದ್ದಳು. ನನ್ನ ಮಗಳ ಸುದ್ದಿಯನ್ನು ಅವನ ಬಾಯಲ್ಲಿ ಕೇಳಬೇಕು. ಮುಂದಿನ ಹಲ್ಲು ಅಲ್ಲಾಡುತ್ತಿದೆಯಂತೆ. ಚಕ್ಕುಲಿ ಕಚ್ಚುವಾಗ ಬಿದ್ದೇಹೋಯಿತಂತೆ. ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆಯುವ ಮುಂಚೆ ಚಾಚಾಗೆ ತೋರಿಸಿದಳಂತೆ. ಚಾಚಾ ಎಂದರೆ ಇವನು.

ಅಷ್ಟು ಕೇಳಿದ ಮೇಲೆ ತಡೆಯಲಾಗಲಿಲ್ಲ. ಒಂದು ಮಾತು ಹೇಳು ಅಂದರೆ ಊರ ಪುರಾಣವನ್ನೇ ಬಿಚ್ಚುತ್ತೀಯಲ್ಲ ಎಂದು ರೇಗಿದೆ. ಅವನು ತಣ್ಣಗೆ ಚಾದರ ಕೊಡವುತ್ತಿದ್ದ.

"ಮಗು ಕೇಳ್ತೈತೆ, ಮಾತಾಡ್ದೆ ಹೆಂಗಣ್ಣ ಇರೋದು? ನೀನೇ ಎದ್ದು ಬಾ. ಯಾರು ಹಿಡ್ಕೊಂಡವ್ರೆ?"

ಮಾರನೆಯ ದಿನ ಗಂಟೆ ಹೊಡೆದಾಗ ನಾನೂ ಕೈಗವಸು ಕಳಚಿದೆ. ಬಗ್ಗಿ ನಮಸ್ಕರಿಸಿದೆ, ಒಬ್ಬರೂ ತಲೆ ಎತ್ತಲಿಲ್ಲ. ಇಷ್ಟಕ್ಕೇ ಇಷ್ಟು ದಿನ ಹೆದರಿದೆನೇ ಎನ್ನಿಸಿ ಮೈ ಉರಿಯಿತು. ಅವನನ್ನು ದಾರಿಯಲ್ಲೇ ಹಿಂದೆ ಹಾಕಿ, ಶೂ ಬಿಚ್ಚುವಷ್ಟರಲ್ಲಿ ಬಂದ ಮಗಳ ಫೋನನ್ನು ನಾನೇ ಎತ್ತಿದೆ.

ಮಗಳು ಬೆರಗಾಗಿ ನೋಡಿದಳು. ಇವತ್ತು ಕೆಲಸ ಇಲ್ಲವಾ ಎಂದು ಕೇಳಿದಳು. ಅದೆಲ್ಲ ಇರಲಿ, ಹಲ್ಲು ಬಿದ್ದ ಜಾಗ ತೋರಿಸು ಕಂದಾ ಎಂದೆ. ಅವಳು ಬಾಯಿ ತೆರೆಯಲಿಲ್ಲ. ನನ್ನ ಹೆಗಲಾಚೆ, ಆಗತಾನೇ ಒಳಗೆ ಬಂದವನನ್ನು ಹುಡುಕುತ್ತಿದ್ದಳು.

"ಚಾಚಾಗೆ ಕೊಡಪ್ಪ," ಎಂದಳು. "ಆಮೇಲೆ ಅವರೇ ನಿಂಗೆ ಎಲ್ಲಾ ಹೇಳ್ತಾರೆ."